‘ಉಂಟು’ ಎಂದು ಬರೆದ ವರದಿ

ನಿವೃತ್ತಿಗೆ ಏಳೆಂಟು ವರ್ಷ ಉಳಿದಿದ್ದಾಗ ನನ್ನನ್ನು ಬಂಟ್ವಾಳದ ಹೊರವಲಯದ ಒಂದು ಎರಕದ ಅಂಗಳಕ್ಕೆ ಸುರಕ್ಷಾ ಅಧಿಕಾರಿಯಾಗಿ ನೇಮಿಸಿದರು. ನಗರದಲ್ಲಿ ಆಗ ಲಘು ರೈಲು ಮಾರ್ಗ ಕಟ್ಟುತ್ತಿದ್ದರು. ಮೆಟ್ರೋಗಿಂತ ಹಗುರವಾದ, ಎರಡು ಮೂರು ಬೋಗಿಗಳ ರೈಲು ಅದು. ಅದರ ಮೇಲ್ಸೇತುವೆಗೆ ಬೇಕಾದ ಗರ್ಡರುಗಳನ್ನು, ಎಂದರೆ ಕಂಬದಿಂದ ಕಂಬಕ್ಕೆ ಮಲಗಿಸುವ ಕಾಂಕ್ರೀಟಿನ ತೊಲೆಗಳನ್ನು, ನಮ್ಮ ಅಂಗಳದಲ್ಲಿ ಎರಕ ಹೊಯ್ದು ಟ್ರೈಲರಿಗೆ ಏರಿಸಿ ಕಳುಹಿಸುತ್ತಿದ್ದೆವು.

ಏರಿಸುವ ಕೆಲಸ ಇಬ್ಬರದು. ಎತ್ತರದ ಕ್ಯಾಬಿನ್ನಿನಲ್ಲಿ ಕ್ರೇನ್ ಆಪರೇಟರ್, ಮೂಡಬಿದಿರೆಯ ಸುಧಾಕರ. ಕೆಳಗೆ ಟ್ರೈಲರಿನ ಪಕ್ಕದಲ್ಲಿ ಸಿಗ್ನಲ್‌ಮ್ಯಾನ್, ಬೆಳ್ತಂಗಡಿ ಕಡೆಯ ವಸಂತ. ತೊಲೆಯ ಮರೆಯಿಂದ ಸುಧಾಕರನಿಗೆ ಟ್ರೈಲರಿನ ಆಚೆ ಬದಿ ಕಾಣುತ್ತಿರಲಿಲ್ಲ. ವಾಕಿಟಾಕಿಯಲ್ಲಿ ವಸಂತನ ಧ್ವನಿಯೇ ಅವನ ಕಣ್ಣು.

ಅವರಿಬ್ಬರೂ ಮಾತನಾಡುತ್ತಿದ್ದದ್ದು ತುಳು. ಹೊರಜಿಲ್ಲೆಯ ಎಂಜಿನಿಯರುಗಳು, ತಮಗೆ ಏನೂ ತಿಳಿಯುವುದಿಲ್ಲವೆಂದು ದೂರಿದರು. ಯಾರನ್ನೂ ಹೊರಗಿಡಬಾರದೆಂಬುದು ನಾನು ಓದಿ ನಂಬಿದ ತತ್ತ್ವ. ‘ರೇಡಿಯೋದಲ್ಲಿ ಕನ್ನಡ ಮಾತ್ರ’ ಎಂಬ ನಿಯಮವನ್ನು ನಾನೇ ಬರೆದೆ. ಎತ್ತು, ಇಳಿಸು, ನಿಲ್ಲಿಸು. ಮೂರು ಪದಗಳನ್ನು ಹಲಗೆಯ ಮೇಲೆ ಬರೆಸಿ ಪಾಠ ಮಾಡಿದೆ.

“ಸಾರ್, ನಾನು ‘ನಿಲ್ಲಿಸು’ ಹೇಳಿ ಮುಗಿಸುವಷ್ಟರಲ್ಲಿ ಇವನು ಕ್ರೇನು ಇಳಿದು ಚಾ ಕುಡಿದು ಬರ್ತಾನೆ ಮಾರಾಯ್ರೆ!” ಎಂದು ವಸಂತ ತಮಾಷೆ ಮಾಡಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಯಮ ಮಾತ್ರ ಹಾಗೆಯೇ ಉಳಿಯಿತು.

ಮಳೆಗಾಲಕ್ಕೆ ಮೊದಲು ಆದಷ್ಟು ಗರ್ಡರು ಸಾಗಿಸಬೇಕೆಂದು ಮೇಲಿನಿಂದ ಒತ್ತಡ ಬಂತು. ಟ್ರೈಲರಿನ ಆಚೆ ಬದಿಗೆ ಇದ್ದ ಎರಡನೆಯ ಸಿಗ್ನಲ್‌ಮ್ಯಾನನನ್ನು ಬೇರೆ ಕೆಲಸಕ್ಕೆ ಎಳೆದುಕೊಂಡರು. ಕ್ರೇನಿನ ಕೆಟ್ಟ ಸೈರನ್ ರಿಪೇರಿಯಾಗಲಿಲ್ಲ. ವಾಕಿಟಾಕಿಗಳು ಗರಗರ ಎನ್ನುತ್ತಿದ್ದವು. ಇವೆಲ್ಲವನ್ನೂ ನಾನು ಪತ್ರದಲ್ಲಿ ಬರೆದು ತಿಳಿಸಿದ್ದೆ. ಆದರೆ ಕೆಲಸ ನಿಲ್ಲಿಸುವ ಅಧಿಕಾರ ನನಗಿತ್ತು, ಅದನ್ನು ಬಳಸಲಿಲ್ಲ.

ಒಂದು ಮಧ್ಯಾಹ್ನ ಗರ್ಡರು ಟ್ರೈಲರಿನ ಮೇಲೆ ಇಳಿಯುತ್ತಿತ್ತು. ಕೆಳಗೆ ಆನಿಕೆಗೆ ಇಟ್ಟ ಮರದ ದಿಮ್ಮಿ ಜಾರಿತು. ವಸಂತ ಅದನ್ನು ಸರಿಪಡಿಸಲು ಆಚೆ ಬದಿಗೆ ಹೋದ. ಸುಧಾಕರ ರೇಡಿಯೋದಲ್ಲಿ ಕೇಳಿದ: “ವಸಂತಾ, ಜಾಗ ಉಂಟಾ?” ಗರಗರದ ನಡುವೆ ಒಂದೇ ಪದದ ಉತ್ತರ ಬಂತು. ಸುಧಾಕರ ಇಳಿಸಿದ. ಗರ್ಡರು ವಾಲಿತು. ವಸಂತ ಅದರಡಿಯಲ್ಲಿದ್ದ.

ಪ್ರಾಥಮಿಕ ವರದಿಯಲ್ಲಿ, ಅಂಗಳ ನಡೆಸುತ್ತಿದ್ದ ಗುತ್ತಿಗೆದಾರರು ಹೀಗೆ ಬರೆದರು: ‘ಜಾಗ ಉಂಟು ಎಂದು ಮೃತರೇ ತಪ್ಪು ಸಂಕೇತ ಕೊಟ್ಟಿದ್ದಾರೆ.’ ಸುಧಾಕರನೂ ತನಗೆ ಕೇಳಿಸಿದ್ದು ‘ಉಂಟು’ ಎಂದೇ ಹೇಳಿದ. ನಾನೂ ಸಹಿ ಹಾಕಿದೆ.

ಹದಿನೈದು ದಿನ ಕಳೆದ ಮೇಲೆ ಸುಧಾಕರನ ಜೊತೆ ವಸಂತನ ಮನೆಗೆ ಹೋದೆ. ನಾವಿದ್ದ ರಿಕ್ಷಾ ಮನೆಯನ್ನು ದಾಟಿ ಮುಂದೆ ಹೋಯಿತು. ರಸ್ತೆಬದಿಯಲ್ಲಿ ಕಾಯುತ್ತಿದ್ದ ವಸಂತನ ಅಣ್ಣ ದೇಜಪ್ಪಣ್ಣ ಹಿಂದಿನಿಂದ ಕೂಗಿದರು: “ಉಂತ್! ಉಂತ್!” ತುಳುವಿನಲ್ಲಿ ‘ನಿಲ್ಲು’ ಎಂದರ್ಥ. ಅಣ್ಣನ ಧ್ವನಿ ತಮ್ಮನದೇ ಪಡಿಯಚ್ಚು.

ಸುಧಾಕರ ನನ್ನ ಮೊಣಕೈ ಹಿಡಿದುಕೊಂಡ.

“ಸಾರ್, ಅವ ‘ಉಂಟು’ ಹೇಳಿದ್ದಲ್ಲ. ಇದನ್ನೇ ಹೇಳಿದ್ದು. ಇದೇ ಸ್ವರ. ನಾನು ಕನ್ನಡದಲ್ಲಿ ಕೇಳಿದ್ದೆ, ನನ್ನ ಕಿವಿ ಕನ್ನಡಕ್ಕೇ ಕಾಯ್ತಾ ಇತ್ತು.”

ಅಂಗಳದಲ್ಲಿ ನೀರು ಬೆಲ್ಲ ಕೊಟ್ಟು ದೇಜಪ್ಪಣ್ಣ ಕೇಳಿದ್ದು ಒಂದೇ ಪ್ರಶ್ನೆ. “ಜಾಗ ಉಂಟು ಅಂತ ತಮ್ಮನೇ ಹೇಳಿದ್ದಂತೆ. ಊರಲ್ಲೆಲ್ಲ ಅದೇ ಮಾತು. ತನ್ನ ತಲೆಯ ಮೇಲೆ ತಾನೇ ಕಲ್ಲು ಇಳಿಸಿಕೊಳ್ಳುವಷ್ಟು ಪೆದ್ದನಾ ಸಾರ್ ಅವನು?”

“ಅಲ್ಲ ದೇಜಪ್ಪಣ್ಣ,” ಎಂದ ಸುಧಾಕರ. “ಪೆದ್ದ ನಾನು. ಅವ ಸರಿಯಾಗಿಯೇ ಹೇಳಿದ್ದ.”

ಕೆಲಸ ಹೋಗಬಹುದೆಂದು ತಿಳಿದೂ ಸುಧಾಕರ ಹೊಸ ಹೇಳಿಕೆ ಬರೆದುಕೊಟ್ಟ. ಆಡಳಿತದವರು ನನ್ನನ್ನು ಕರೆದು, “ಮುಗಿದ ಕಡತವನ್ನು ಯಾಕೆ ಕೆದಕುತ್ತೀರಿ?” ಎಂದರು. ವರದಿ ತಿದ್ದದಿದ್ದರೆ ನನ್ನ ಭಿನ್ನಮತವನ್ನು ನೇರವಾಗಿ ಕಾರ್ಮಿಕ ಇಲಾಖೆಗೆ ಸಲ್ಲಿಸುತ್ತೇನೆ ಎಂದೆ. ಕೊನೆಗೆ ಒಪ್ಪಿದರು. ತೆಗೆದುಹಾಕಿದ ಎರಡನೆಯ ಸಿಗ್ನಲ್‌ಮ್ಯಾನ್, ಕೆಟ್ಟ ಸೈರನ್, ಹಳೆಯ ವಾಕಿಟಾಕಿ, ಒತ್ತಡ, ನನ್ನ ನಿಯಮ, ಕೆಲಸ ನಿಲ್ಲಿಸದ ನನ್ನ ತಪ್ಪು: ಒಂದನ್ನೂ ಬಿಡದೆ ಬರೆದೆ. ಕೊನೆಯಲ್ಲಿ ಸೇರಿಸಿದೆ: ‘ಮೃತರು ಉಂತ್ ಎಂದು ಸರಿಯಾದ ಎಚ್ಚರಿಕೆ ಕೊಟ್ಟಿದ್ದರು.’

ವರದಿ ಅಚ್ಚಾಗಿ ಬಂದಾಗ ಆ ವಾಕ್ಯ ಹೀಗಿತ್ತು: ‘ಮೃತರು ಉಂಟು ಎಂದು ಸರಿಯಾದ ಎಚ್ಚರಿಕೆ ಕೊಟ್ಟಿದ್ದರು.’

ಟೈಪ್ ಮಾಡಿದಾಕೆ ಹೊರಜಿಲ್ಲೆಯವರು. “ಅಕ್ಷರ ತಪ್ಪಾಗಿತ್ತು ಸಾರ್, ನಾನೇ ಸರಿ ಮಾಡಿದೆ,” ಎಂದರು. ಆಕೆಯ ಮೇಲೆ ಸಿಟ್ಟಾಗುವ ಹಕ್ಕು ನನಗಿರಲಿಲ್ಲ. ಕೈಯಲ್ಲಿದ್ದ ಮೂರು ಪ್ರತಿಗಳನ್ನು ಪೆನ್ನಿನಿಂದ ತಿದ್ದಿ ಸಹಿ ಹಾಕಿದೆ. ನಾಲ್ಕನೆಯದು ಆಗಲೇ ಕೇಂದ್ರ ಕಚೇರಿ ಸೇರಿತ್ತು. ಅದನ್ನು ತಿದ್ದಿಕೊಳ್ಳಿ ಎಂದು ಬರೆದ ನನ್ನ ಎರಡು ಪತ್ರಗಳಿಗೂ ಉತ್ತರ ಬರಲಿಲ್ಲ.

ತಿದ್ದಿದ ಒಂದು ಪ್ರತಿಯನ್ನು ದೇಜಪ್ಪಣ್ಣನಿಗೆ ತೋರಿಸಿ, ನಾಲ್ಕನೆಯದರ ಸಂಗತಿಯನ್ನೂ ಮುಚ್ಚಿಡದೆ ಹೇಳಿದೆ. ಅವರು ಪೆನ್ನಿನ ಅಕ್ಷರದ ಮೇಲೆ ಬೆರಳಿಟ್ಟರು.

“ಹಾಗಾದರೆ ಆ ಇನ್ನೊಂದರಲ್ಲಿ ಅವ ಇನ್ನೂ ‘ಉಂಟು’ ಅಂತಲೇ ಹೇಳ್ತಾ ಇರ್ತಾನಲ್ಲ ಸಾರ್.”



ಆಮೇಲೆ ಕೆಲಸ ಮಾಡಿದ ಅಂಗಳಗಳಲ್ಲೆಲ್ಲ, ಸಂಕೇತದ ಪದ ಗೊತ್ತುಮಾಡುವ ಮೊದಲು ಭಾರದ ಕೆಳಗೆ ನಿಲ್ಲುವವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದೆ: ಹೆದರಿದಾಗ ನಿಮ್ಮ ಬಾಯಿಗೆ ಮೊದಲು ಬರುವ ಮಾತು ಯಾವುದು? ಅವರು ಹೇಳಿದ್ದೇ ನಿಯಮವಾಗುತ್ತಿತ್ತು. ಅದನ್ನು ಕಲಿಯುವುದು ಎಂಜಿನಿಯರುಗಳ ಹೊಣೆ. ಇಷ್ಟು ಸಣ್ಣ ಪ್ರಶ್ನೆಯನ್ನು ಕೇಳಲು ನನಗೆ ಒಬ್ಬ ಮನುಷ್ಯನ ಜೀವ ಬೇಕಾಯಿತು.