ಹೊಸ ಸಮುದ್ರದ ಪಾಚಿ

ನನ್ನ ಕೈಗಳು ಸುಮ್ಮನಿರುವಂಥವಲ್ಲ. ಕೆಟ್ಟ ಗಡಿಯಾರ ಕಂಡರೆ ಬಿಚ್ಚುತ್ತೇನೆ. ಸರಿಯಾಗಿ ಓಡುವ ಗಡಿಯಾರವನ್ನೂ ಬಿಚ್ಚಿ, ಆಮೇಲೆ ಅದು ಕೆಟ್ಟಿದೆ ಅಂತ ರಿಪೇರಿ ಮಾಡುತ್ತೇನೆ. ನನ್ನ ಹೆಂಡತಿ ಮಂಜುಳ ಮಿಕ್ಸಿ ಕೆಟ್ಟರೆ ನನಗೆ ಹೇಳುವುದಿಲ್ಲ, ನಾನು ಬ್ಯಾಂಕಿಗೆ ಹೋದ ಮೇಲೆ ಸೆರಗಿನ ಕೆಳಗೆ ಮುಚ್ಚಿಕೊಂಡು ಅಂಗಡಿಗೆ ಒಯ್ಯುತ್ತಾಳೆ. ಇಂಥವನು ಎರಡು ಸಾವಿರದ ಇಸವಿಯ ಆಚೀಚೆ ಹಲಸೂರಿನ ಮನೆಯ ಹಾಲ್‌ನಲ್ಲಿ ಒಂದು ಸಮುದ್ರ ತಂದಿಟ್ಟುಕೊಂಡ.

ಅದು ರತ್ನಕ್ಕನಿಗೋಸ್ಕರ. ರತ್ನಕ್ಕ ನನ್ನ ಒಡಹುಟ್ಟಿದ ಅಕ್ಕ. ಅಪ್ಪ ಅಮ್ಮ ಸೊಪ್ಪಿನ ತೋಟಕ್ಕೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಆ ತೋಟ ಈಗ ಇಂದಿರಾನಗರದ ಯಾವುದೋ ಬಂಗಲೆಯ ಕೆಳಗಿದೆ. ಅವಳು ಕೆ.ಆರ್. ಪುರದ ಶಾಲೆಯಲ್ಲಿ ಟೀಚರಾಗಿದ್ದಳು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ನಮ್ಮ ಮನೆಗೆ ಬಂದಳು. ನನ್ನದೊಂದು ಕೊಡುತ್ತೇನೆ ಅಂದೆ. ಅವಳ ಹೃದಯ ಅಂಥ ಆಪರೇಷನ್ ತಡೆಯೋಲ್ಲ ಅಂದರು ಡಾಕ್ಟರು. ಉಳಿದದ್ದು ಡಯಾಲಿಸಿಸ್. ಹೋಗಿ ಮಲಗುವುದು, ರಕ್ತ ಹೊರಗೆ ಹೋಗಿ ತೊಳೆದುಕೊಂಡು ಬರುವುದನ್ನು ನೋಡುವುದು, ಹಿಂಡಿದ ಬಟ್ಟೆಯಂತಾಗಿ ಮನೆಗೆ ಬರುವುದು.

ಒಂದು ದಿನ ಆಸ್ಪತ್ರೆಯಿಂದ ಆಟೋದಲ್ಲಿ ಬರುವಾಗ ಹೇಳಿದಳು, "ಮದುವೆಯಾದ ಹೊಸದ್ರಲ್ಲಿ ಮದ್ರಾಸಲ್ಲಿ ಸಮುದ್ರ ನೋಡಿದ್ದೆ ಕಣೋ. ಕಾಲು ನೆನೆಯೋಷ್ಟ್ರಲ್ಲಿ ನಮ್ಮತ್ತೆ ರೈಲಿಗೆ ಹೊತ್ತಾಯ್ತು ಅಂತ ಎಳ್ಕೊಂಡು ಬಂದ್ಬಿಟ್ರು."

ಅವಳನ್ನು ಮದ್ರಾಸಿಗೆ ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಅದಕ್ಕೆ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರುಕಟ್ಟೆ ಹಿಂದಿನ ಗಲ್ಲಿಯಲ್ಲಿ ನಯಾಜ್ ಭಾಯ್ ಅನ್ನುವವರ ಮೀನಿನ ಅಂಗಡಿಯಿತ್ತು. ದೊಡ್ಡ ಗಾಜಿನ ತೊಟ್ಟಿ, ಮರಳು, ತೂತುತೂತಾದ ಕಲ್ಲು, ಸಮುದ್ರದ ಉಪ್ಪಿನ ಪುಡಿ, ಟ್ಯೂಬ್‌ಲೈಟು ಎಲ್ಲ ಬಂತು. ನಾನು ಬಕೆಟ್ಟಿನಲ್ಲಿ ಉಪ್ಪು ಕಲಸುವುದನ್ನು ಅಕ್ಕ ದಿವಾನದ ಮೇಲೆ ಕೂತು ನೋಡುತ್ತಿದ್ದಳು. ಅವಳಿಗೆ ಡಾಕ್ಟರು ಉಪ್ಪು ಬಿಡಿಸಿದ್ದರು, ದಿನದ ನೀರನ್ನು ಅಳೆದು ಕೊಡುತ್ತಿದ್ದೆವು. ಬಾಯಾರಿದರೆ ಒಂದು ಚೂರು ಐಸ್.

"ನನಗೆ ಯಾವ್ಯಾವ್ದು ಬೇಡ ಅಂದಿದ್ದಾರೋ ಅದನ್ನೇ ತಂದು ಕಣ್ಮುಂದೆ ಇಟ್ಯಲ್ಲೋ," ಅಂದಳು. ಮಂಜುಳ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಕ್ಕಳೋ ಅತ್ತಳೋ, ನಾನು ಹೋಗಿ ನೋಡಲಿಲ್ಲ.

ಮೀನು ಕೂಡಲೇ ಬಿಡುವ ಹಾಗಿರಲಿಲ್ಲ. ಹೊಸ ನೀರಿನಲ್ಲಿ ವಿಷ ಸೇರಿಕೊಳ್ಳುತ್ತದೆ, ಅದನ್ನು ತಿಂದು ಮುಗಿಸುವ, ಕಣ್ಣಿಗೆ ಕಾಣದ ಜೀವಗಳು ಕಲ್ಲಲ್ಲಿ ಮನೆ ಮಾಡಬೇಕು, ಅಲ್ಲಿಯವರೆಗೆ ಕಾಯಿರಿ ಅಂದಿದ್ದರು ನಯಾಜ್ ಭಾಯ್. ಕಾಯುವಾಗ ಪಾಚಿ ಬಂತು. ಮೊದಲು ಕಂದು ಬಣ್ಣದ್ದು, ಬಿಳಿ ಮರಳಿನ ಮೇಲೆ ಯಾರೋ ಕಾಫಿಪುಡಿ ಉದುರಿಸಿದ ಹಾಗೆ. ಹಳೇ ಹಲ್ಲುಜ್ಜುವ ಬ್ರಷ್ ತಗೊಂಡು, ಅಂಗಿ ತೋಳು ಮಡಚಿ, ಉಜ್ಜಿದೆ. ಮಾರನೆಯ ದಿನ ಮತ್ತೆ ಇತ್ತು. ಅರ್ಧ ನೀರು ಚೆಲ್ಲಿ ನಲ್ಲಿ ನೀರು ತುಂಬಿ ಉಪ್ಪು ಕಲಸಿದೆ. ಇನ್ನೂ ದಟ್ಟವಾಗಿ ಬಂತು.

ನಮ್ಮ ಕಡೆ ಮಲಗು ಅನ್ನುವುದಕ್ಕೆ ಮಕ್ಕಳಿಗೆ 'ಪಾಚ್ಕೋ' ಅನ್ನುತ್ತಾರೆ. ನೀರಿನ ಪಾಚಿಗೂ ಆ ಮಾತಿಗೂ ನಂಟುಂಟೋ ಇಲ್ಲವೋ ಪಂಡಿತರು ಹೇಳಬೇಕು. ನನಗಂತೂ ಉಂಟು ಅನ್ನಿಸುತ್ತದೆ. ನಿಂತ ನೀರಿನ ಮೇಲೆ ಏನೋ ಹಗುರಾಗಿ ಬಂದು ಮಲಗಿಕೊಳ್ಳುತ್ತದೆ, ಎಬ್ಬಿಸಿದಷ್ಟೂ ಹೊರಳಿ ಮತ್ತೆ ಅಲ್ಲೇ ಮಲಗುತ್ತದೆ.

ನಯಾಜ್ ಭಾಯ್ ಹತ್ತಿರ ಓಡಿದೆ. "ಹೊಸಾ ಟ್ಯಾಂಕ್ ಅಲ್ವಾ ಸಾರ್, ಹಂಗೇ ಆಗ್ತದೆ. ನಲ್ಲಿ ನೀರು ಅದಕ್ಕೆ ಊಟ, ಲೈಟೂ ಊಟ. ಫಿಲ್ಟರ್ ನೀರು ಹಾಕಿ, ಲೈಟ್ ಕಮ್ಮಿ ಮಾಡಿ. ಕೈ ಮಾತ್ರ ಹಾಕ್ಬೇಡಿ," ಅಂದರು.

ಲೈಟು ಆರಿಸುವುದು ಹೇಗೆ? ಅಕ್ಕ ಇಡೀ ದಿನ ಅದರ ಮುಂದೆಯೇ ಕೂರುತ್ತಿದ್ದಳು. ಅವಳೇ ಹೇಳಿದಳು, "ಆರಿಸು. ಕಿಟಕಿ ಬೆಳಕು ಸಾಕು ನನಗೆ." ಅಷ್ಟರಲ್ಲಿ ಕಂದು ಹೋಗಿ ಹಸಿರು ಬಂದಿತ್ತು. ಕಲ್ಲಿನ ತುಂಬ ಉದ್ದುದ್ದ ಕೂದಲು, ಪಂಪಿನ ನೀರಿಗೆ ಒಂದೇ ಕಡೆ ಬಾಗುತ್ತಿತ್ತು. ನನಗೆ ನೋಡಿದರೆ ಕಿತ್ತು ಹಾಕಬೇಕು ಅನ್ನಿಸುತ್ತಿತ್ತು. ಅಕ್ಕ ಮಾತ್ರ, "ನಮ್ ತೋಟದಲ್ಲಿ ಗಾಳಿಗೆ ಸಬ್ಬಸಿಗೆ ಮಡಿ ಹಿಂಗೇ ಬಾಗ್ತಿತ್ತು," ಅಂದಳು.

ಆಮೇಲೊಂದು ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಹೊತ್ತಿಗೆ ಆಟೋ ಬಂದು ಹಾರ್ನ್ ಹೊಡೆಯಿತು. ಅಕ್ಕ ಏಳಲಿಲ್ಲ.

"ಇವತ್ತು ಬರಲ್ಲ," ಅಂದಳು. "ಇನ್ಮೇಲೂ ಬರಲ್ಲ. ಡಾಕ್ಟರ್ ಹತ್ರ ಮಾತಾಡಿದ್ದೀನಿ. ಏನಾಗುತ್ತೆ ಅಂತ ಅವರು ಹೇಳಿದ್ದಾರೆ."

ಆಟೋ ಕಳಿಸಿ ಬಂದವನು, ನಂಬುತ್ತೀರೋ ಇಲ್ಲವೋ, ತೋಳು ಮಡಚಿ ತೊಟ್ಟಿಗೆ ಕೈ ಹಾಕಿ ಪಾಚಿ ಕೀಳತೊಡಗಿದೆ. ಕೀಳುತ್ತಲೇ ಬೇರೆ ಆಸ್ಪತ್ರೆ, ಬೇರೆ ಡಾಕ್ಟರು, ವೆಲ್ಲೂರು ಅಂತ ಏನೇನೋ ಹೇಳಿದೆ. ನೀರು ಕದಡಿ ಹಸಿರಾಯಿತು.

"ಕೈ ತೆಗಿ ಅದ್ರಿಂದ," ಅಂದಳು ಅಕ್ಕ, ಕ್ಲಾಸಿನಲ್ಲಿ ಹೇಳುವ ಹಾಗೆ. "ಒರೆಸ್ಕೊಂಡು ಬಂದು ಇಲ್ಲಿ ಕೂತ್ಕೋ."

ಕೂತೆ.

"ಬೇಡ ಅಂತ ಜಗಳ ಆಡ್ಬೇಡ. ಸುಸ್ತಾಗಿದೆ ನಂಗೆ. ನೀನು ರಜ ಹಾಕಿ ಜೊತೇಲಿ ಇರು, ಅಷ್ಟೇ."

ನಾನು ಕೇಳಿದೆ, "ಮೀನಾದ್ರೂ ತಂದು ಬಿಡ್ಲಾ ಅಕ್ಕಾ?"

"ಆ ನೀರು ಇನ್ನೂ ಹದಕ್ಕೆ ಬಂದಿಲ್ಲ ಅಂದ್ರಲ್ಲ ಆ ಅಂಗಡಿಯವ್ರು. ನನಗೋಸ್ಕರ ತಂದು ಸಾಯಿಸ್ಬೇಡ."

ರಜ ಹಾಕಿದೆ. ಪಕ್ಕದಲ್ಲಿ ಕೂತೆ. ಮಂಜುಳ ಅವಳ ತಲೆ ಬಾಚುತ್ತಿದ್ದಳು, ಕಾಲು ಒತ್ತುತ್ತಿದ್ದಳು. ಇನ್ನು ಪಥ್ಯ ಯಾಕೆ ಅಂತ ಒಂದು ಮಧ್ಯಾಹ್ನ ಉಪ್ಪು ಹಾಕಿದ ಬಸ್ಸಾರು ಮಾಡಿಕೊಟ್ಟಳು. ಅಕ್ಕ ಎರಡು ತುತ್ತು ತಿಂದು ಕಣ್ಣು ಮುಚ್ಚಿ, "ಚೆನ್ನಾಗಿದೆ," ಅಂದಳು. ಮುಖ ಊದಿತು, ಉಸಿರು ಭಾರವಾಯಿತು, ನಿದ್ದೆ ಹೆಚ್ಚಾಯಿತು. ಕೊನೆಗೆ ನಮ್ಮ ಗುರುತೂ ಸಿಗುತ್ತಿರಲಿಲ್ಲ. ನೆಮ್ಮದಿಯಾಗಿ ಹೋದಳು ಅಂತ ಬಂದವರಿಗೆಲ್ಲ ಹೇಳಿದೆವು. ಅಷ್ಟೇನೂ ನೆಮ್ಮದಿಯಾಗಿರಲಿಲ್ಲ.

ತಿಥಿಗೆ ಬಂದ ಚಿಕ್ಕಪ್ಪ ತೊಟ್ಟಿ ನೋಡಿ, "ಮೊದ್ಲು ಈ ಕೊಳಚೆ ಎತ್ತಿ ಮೋರಿಗೆ ಚೆಲ್ಲಪ್ಪ," ಅಂದರು. ಮಂಜುಳ, "ಇರ್ಲಿ ಬಿಡಿ ಮಾವ," ಅಂದಳು. ತೊಟ್ಟಿ ಹಾಗೇ ಇತ್ತು. ಲೈಟು ಹಾಕುವವರಿಲ್ಲ, ಕೈ ಹಾಕುವವರಿಲ್ಲ. ಹಸಿರು ಕೂದಲು ಬಿಳಿಚಿಕೊಂಡು ಎಳೆಎಳೆಯಾಗಿ ಕಳಚಿತು. ಯಾವಾಗ ಅಂತ ನಾನು ನೋಡಲಿಲ್ಲ. ಒಂದು ದಿನ ನೋಡಿದರೆ ಕಲ್ಲು ಕಲ್ಲಿನ ಬಣ್ಣಕ್ಕೆ ಬಂದಿತ್ತು, ನೀರು ತಿಳಿಯಾಗಿತ್ತು. ನನಗೆ ಆಗ ಬಂದದ್ದು ಸಂತೋಷವಲ್ಲ, ಸಿಟ್ಟು. ಇಷ್ಟು ತಡವಾಗಿ ತಿಳಿಯಾಗಿ ಯಾರಿಗೆ ಬೇಕು ಅಂತ. ಆದರೂ ಎರಡು ಕಿತ್ತಳೆ ಮೀನು ತಂದು ಬಿಟ್ಟೆ. ಬದುಕಿದವು.

ಮೊನ್ನೆ ನಮ್ಮ ಬ್ಯಾಂಕಿನ ಪ್ರಸನ್ನ ಗಾಬರಿಯಿಂದ ಫೋನ್ ಮಾಡಿದ. ಅವನೂ ಹೊಸದಾಗಿ ಉಪ್ಪುನೀರಿನ ತೊಟ್ಟಿ ಇಟ್ಟಿದ್ದಾನೆ, ಅದರ ತುಂಬ ಪಾಚಿ, ಕುಕ್ ಟೌನ್‌ನಲ್ಲಿ ಮನೆ. ಹೋದೆ. ಭುಜದವರೆಗೆ ಒದ್ದೆಯಾಗಿ, ಬ್ರಷ್ ಹಿಡಿದು ನಿಂತಿದ್ದ.

"ಏನ್ ಮಾಡ್ಲಿ ಸಾರ್?"

"ಏನೂ ಮಾಡ್ಬೇಡ."

"ಸುಮ್ನೆ ನೋಡ್ಕೊಂಡು ಕೂತಿರೋದಾ? ನನ್ ಕೈಲಾಗಲ್ಲ ಸಾರ್."

ಆಗಲ್ಲ ಅನ್ನುವುದು ನನಗೆ ಗೊತ್ತು. ಒಬ್ಬನೇ ಕೂತರೆ ಯಾರಿಗೂ ಆಗುವುದಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಅವನ ಸೋಫಾದ ಮೇಲೆ ಕೂತು, ಪಕ್ಕದ ಜಾಗ ತೋರಿಸಿದೆ.