ಕಾಕಾ ತಪಾಸಣೆಗೆ ಸುತ್ತಿಕೊಂಡು ಹೋದ ರುಮಾಲು

ಈಗ ಬಟ್ಟೆಗೂ ರೇಶನ್ನು. ಮಗಳ ಬಾಣಂತನಕ್ಕೆ ಮೆತ್ತನೆಯ ಹಳೆ ಅರಿವೆ ಬೇಕೆಂದು ಮೊನ್ನೆ ಟ್ರಂಕಿನಿಂದ ಕೌದಿ ತೆಗೆದು ಹೊಲಿಗೆ ಬಿಚ್ಚುತ್ತ ಕೂತಿದ್ದೆ. ಮೇಲಿನ ತುಂಡುಗಳೆಲ್ಲ ಬಣ್ಣ ಹೋಗಿ ಬೂದಿಯಂತಾಗಿದ್ದವು. ಒಂದನ್ನು ಎತ್ತಿದರೆ, ಅದರ ಕೆಳಗೆ ಬಿಸಿಲು ಕಾಣದ ಕುಸುಂಬಿ ಕೆಂಪು ಹಾಗೆಯೇ ಇತ್ತು. ಕಾಕಾ ಅವರ ರುಮಾಲು...

ನಾನು ಮದುವೆಯಾಗಿ ಧಾರವಾಡದ ಕಡೆಯಿಂದ ಪುಣೆಗೆ ಬಂದಾಗ ಕಸಬಾ ಪೇಟೆಯ, ಹತ್ತಾರು ಸಂಸಾರಗಳಿದ್ದ ವಾಡೆಯಲ್ಲಿ ಅವರು ನಮ್ಮ ಪಕ್ಕದ ಖೋಲಿಯವರು. ರಕ್ತಸಂಬಂಧವೇನಿಲ್ಲ. ವಾಡೆಯಲ್ಲಿ ನಮ್ಮದು ಬಿಟ್ಟರೆ ಕನ್ನಡದ ಮನೆ ಅದೊಂದೇ, ಹಾಗಾಗಿ ಕಾಕಾ, ಕಾಕು ಎನ್ನುತ್ತಿದ್ದೆವು. ಕಾಕಾ ಒಂದು ಛಾಪಖಾನೆಯಲ್ಲಿ ಅಚ್ಚಿನ ಯಂತ್ರ ನಡೆಸುತ್ತಿದ್ದರು. ಒಂದು ದಿನ ಬಲಗೈ ಅದರೊಳಗೆ ಸಿಕ್ಕಿತು. ಜೀವ ಉಳಿಯಿತು, ಕೈಯೂ ಮೈಗೆ ಅಂಟಿಕೊಂಡೇ ಉಳಿಯಿತು. ಅಷ್ಟು ರಾಯರ ದಯೆ. ಆದರೆ ಗಾಯ ಮಾಯ್ದ ಮೇಲೆ ಬೆರಳುಗಳು ಮಡಚಲಿಲ್ಲ.

ಆಗ ಹೊಸ ಕಾಯಿದೆ ಬಂದಿತ್ತು. ಕೆಲಸ ಮಾಡುತ್ತ ಅಂಗ ಊನವಾದವರಿಗೆ ಮಾಲೀಕರು ಪರಿಹಾರ ಕೊಡಬೇಕು. ಆದರೆ ಮೊದಲು ಅವರು ಹೇಳಿದ ಡಾಕ್ಟರರಿಗೆ ಕೈ ತೋರಿಸಬೇಕು. ಆ ಕೈ ಇನ್ನು ಕೆಲಸಕ್ಕೆ ಬಾರದು ಎಂದು ಡಾಕ್ಟರರು ಬರೆದರೆ ಕಾಕಾ, ಕಾಕು ಆ ಖೋಲಿಯಲ್ಲೇ ಹೇಗೋ ಇರಬಹುದಿತ್ತು. ಇಲ್ಲವಾದರೆ ಗದಗಿನ ಹತ್ತಿರ ಕಾಕುವಿನ ತಮ್ಮನ ಮನೆಯ ಮೂಲೆ.

ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಮನೆಯವರು ಸಂಜೆ ಹೊತ್ತು ತಾವೇ ಡಾಕ್ಟರಾಗಿ ಕೂತು ಕಾಕಾ ಅವರನ್ನು ತಯಾರು ಮಾಡುತ್ತಿದ್ದರು. ಮುಷ್ಟಿ ಹಿಡಿಯಿರಿ, ತಂಬಿಗೆ ಎತ್ತಿರಿ ಎಂದು ಹೇಳುವುದು.

“ಸುಳ್ಳು ಬ್ಯಾಡ ಕಾಕಾ. ಆಗೂದಿಲ್ಲ ಅಂದ್ರ ಆಗೂದಿಲ್ಲ ಅನ್ರಿ, ಸಾಕು.”

“ಆ ಮಾತು ನನ್ನ ಬಾಯಾಗ ಬರೂದಿಲ್ಲೋ.”

“ಉಪ್ಪಿಲ್ಲ, ಖಾರಿಲ್ಲ ಅನ್ನೂದು ಬರೋಬ್ಬರಿ ಬರ್ತದ,” ಎಂದರು ಕಾಕು ಒಲೆಯ ಮುಂದಿನಿಂದ.

ತಪಾಸಣೆಯ ದಿನ ಬೆಳಿಗ್ಗೆ ತಲೆಗೆ ಏನು ಎಂಬ ಪ್ರಶ್ನೆ ಎದ್ದಿತು. ನಮ್ಮ ಮನೆಯವರು ತಮ್ಮ ಕರಿ ಟೋಪಿ ಕೊಡಲು ಹೋದರು. ಕಾಕಾ ಕೇಳಲಿಲ್ಲ, ದೊಡ್ಡವರ ಮುಂದೆ ಹೋಗುವಾಗ ಮದುವೆಯಲ್ಲಿ ಬಂದ ರುಮಾಲೇ ಆಗಬೇಕು. ಹಿಂದೆಲ್ಲ ಕನ್ನಡಿಯೂ ಇಲ್ಲದೆ ತಾವೇ ಚಕಚಕನೆ ಸುತ್ತಿಕೊಳ್ಳುತ್ತಿದ್ದರು. ಕೈ ಹೋದ ಮೇಲೆ ಅದನ್ನು ಮುಟ್ಟಿರಲಿಲ್ಲ.

ಕಾಕು ಬಾಗಿಲು ಹಾಕಿಕೊಂಡರು. ಹೆಂಡತಿ ಗಂಡನ ತಲೆಗೆ ರುಮಾಲು ಸುತ್ತುವುದನ್ನು ವಾಡೆ ನೋಡಬಾರದಲ್ಲ. ಕಾಕಾ ಮಣೆಯ ಮೇಲೆ ಕಣ್ಣು ಮುಚ್ಚಿ ಕೂತರು. ಬಟ್ಟೆ ನೆಲಕ್ಕೆ ತಾಗದಂತೆ ನಾನು ಇನ್ನೊಂದು ತುದಿ ಹಿಡಿದು ನಿಂತೆ. ಮೊದಲ ಸಲ ಸುತ್ತಿದ್ದು ಜಾರಿ ಕಿವಿಗೆ ಬಂತು.

“ನೆಟ್ಟಗ ಕೂಡ್ರಿ. ಮದಿವಿ ದಿವಸಾನೂ ಹಿಂಗ ಅಲ್ಲಾಡಿದ್ರಿ.”

“ಅವತ್ತು ಓಡಿ ಹೋಗಬೇಕಂತ ಅಲ್ಲಾಡಿದ್ದೆ.”

ಕಾಕು ನಕ್ಕರು. ಎರಡನೆಯ ಸಲ ಚೆನ್ನಾಗಿ ಕೂತಿತು. ಒಂದೂ ಸುಕ್ಕಿರಲಿಲ್ಲ. ದೇವರಿಗೆ ತುಪ್ಪದ ದೀಪ ಹಚ್ಚಿ ಕಳಿಸಿದೆವು.

ಮುಂದಿನದು ಜೊತೆಗೆ ಹೋಗಿದ್ದ ನಮ್ಮ ಮನೆಯವರು ಹೇಳಿದ್ದು. ಡಾಕ್ಟರರು ಬೆರಳುಗಳನ್ನು ಒತ್ತಿದರು, ಎಳೆದರು, ಬರೆಯಲು ಕೂತರು. ಬರೆಯುತ್ತ ತಲೆ ಎತ್ತಿ ರುಮಾಲು ನೋಡಿ, ಛಾನ್ ಎಂದು ಮೆಚ್ಚಿ, ಯಾರು ಕಟ್ಟಿದ್ದು ಎಂದು ಮರಾಠಿಯಲ್ಲಿ ಕೇಳಿದರು.

“ಮೀಚ್ ಬಾಂಧಲಾ, ಸಾಹೇಬ,” ಎಂದರಂತೆ ಕಾಕಾ. ನಾನೇ ಕಟ್ಟಿದೆ ಎಂದು.

ಹೆಂಡತಿ ಕಟ್ಟಿದಳು ಎಂದು ಪರಗಂಡಸಿನ ಎದುರು ಅವರು ಹೇಗೆ ಹೇಳಿಯಾರು... ನಮ್ಮ ಮನೆಯವರು ಬಾಯಿ ತೆರೆದರು. ಯಾರನ್ನು ಕೇಳಿದೆನೋ ಅವರು ಹೇಳಿದರೆ ಸಾಕು ಎಂದು ಡಾಕ್ಟರರು ಅವರನ್ನು ಹೊರಗೆ ಕಳಿಸಿದರು. ಹೋಗುವಾಗ ತಿರುಗಿ ನೋಡಿದರೆ, ಬರೆದದ್ದನ್ನು ಪೆನ್ನು ಹೊಡೆದು ಹಾಕುತ್ತಿತ್ತಂತೆ.

ಮನೆಗೆ ಬಂದಾಗ ಕಾಕು ನೀರು ಕೊಟ್ಟು ಏನಾಯಿತು ಎಂದು ಕೇಳಿದರು.

“ನೀ ಕಟ್ಟಿದ್ದು ಭಾಳ ಛಲೋ ಇತ್ತು. ಡಾಕ್ಟರ್ ಹೊಗಳಿದ್ರು,” ಎಂದರು ಕಾಕಾ.

ಕೆಲವು ದಿನಗಳ ಮೇಲೆ, ಆ ಕೈ ಕೆಲಸಕ್ಕೆ ಬರುತ್ತದೆ ಎಂಬ ಕಾಗದ ಬಂತು. ಮೇಲಿನವರಿಗೆ ಅರ್ಜಿ ಹಾಕೋಣ ಎಂದು ನಮ್ಮ ಮನೆಯವರು ಗೋಗರೆದರು. ಹಾಕಿದರೆ ರುಮಾಲಿನ ಮಾತು ಬಿಡಿಸಿ ಹೇಳಬೇಕಾಗುತ್ತಿತ್ತು. ಕಾಕಾ ಬೇಡವೆಂದರು. ಛಾಪಖಾನೆಗೆ ಹೋದರು, ಯಂತ್ರ ನಡೆಸಲಾಗದೆ ಮರಳಿದರು. ಕಾಕು ಯಾರನ್ನೂ ಬೈಯಲಿಲ್ಲ.

ನಾನಾಗ ಬಸುರಿ. ಗದಗಿನ ಕಡೆ ಹೊರಡುವ ಮೊದಲು ಕಾಕು ಆ ರುಮಾಲನ್ನು ನನ್ನ ಮಡಿಲಿಗೆ ಹಾಕಿ, “ಕೂಸಿನ ಕೌದಿಗೆ ಬರ್ತದ, ಇಟ್ಕೋ,” ಎಂದರು. ಸ್ಟೇಷನ್ನಿನಲ್ಲಿ ಕಾಕಾ ಅವರ ತಲೆಯ ಮೇಲೆ ನಮ್ಮ ಮನೆಯವರ ಕರಿ ಟೋಪಿ ಇತ್ತು. ಗಾಡಿ ಹೊರಟಾಗ ಎಡಗೈಯಿಂದಲೇ ಅದನ್ನು ಸರಿಮಾಡಿಕೊಂಡರು.

ಇಬ್ಬರೂ ಹೋಗಿ ವರುಷಗಳಾದವು. ಕಾಕಾ ಮೊದಲು, ಹಿಂದೆಯೇ ಕಾಕು... ಹೆಚ್ಚು ದಿನ ಅವರನ್ನು ಒಂಟಿಯಾಗಿ ಇಡಲಿಲ್ಲವಲ್ಲ, ಅದೂ ದೇವರ ದಯೆಯೇ ಎಂದುಕೊಂಡಿದ್ದೇನೆ. ಮೊನ್ನೆ ಅಳು ಬರಲಿಲ್ಲ. ಕುಸುಂಬಿ ಬಟ್ಟೆಯನ್ನು ಪೂರ್ತಿ ಬಿಚ್ಚಿ ಒಗೆದೆ. ಮಡಚಲು ಮಗಳನ್ನು ಕರೆದೆ. ಅವಳು ಒಂದು ತುದಿ ಹಿಡಿದು, ಇದು ಯಾರದ್ದವ್ವಾ ಎಂದಳು. ಬಾಜೂ ಮನೆಯವರದ್ದು ಎಂದೆ. ನೆಲಕ್ಕೆ ತಾಗಿಸಬ್ಯಾಡ ಎಂದೂ ಹೇಳಿದೆ.