ಕಮಲಾಕ್ಷ ನೋಡದೆ ಬಿಟ್ಟ ಉತ್ತರ

ಕಮಲಾಕ್ಷನಂಥ ಪುಕ್ಕಲ ಸಾನಪಾಡಾದಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವ ಆಸಾಮಿ. ಇಪ್ಪತ್ತು ವರ್ಷದಿಂದ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುತ್ತಿರುವ ಈ ಉಡುಪಿಯವನಿಗೆ ಅಂದು ಬೆಳಿಗ್ಗೆ ಖಾರಘರದ ಒಂದು ರಕ್ತನಿಧಿಯಿಂದ ಫೋನ್ ಬಂತು.

ಅಲ್ಲಿನ ಫ್ರಿಜ್ಜಿನ ಉಷ್ಣತೆಯನ್ನು ಹತ್ತು ನಿಮಿಷಕ್ಕೊಮ್ಮೆ ಫೈಲಿಗೆ ಬರೆಯುವ ಪ್ರೋಗ್ರಾಮ್ ಅವನದು. ಹಿಂದಿನ ದಿನ ಕರೆಂಟು ಹೋಗಿತ್ತು. ಆಗ ಫ್ರಿಜ್ಜು ಎಷ್ಟು ಬಿಸಿಯಾಗಿತ್ತೆಂದು ನೋಡಹೋದರೆ ಆ ದಿನದ ಫೈಲು ಖಾಲಿ! ದಾಖಲೆ ಸಿಗದಿದ್ದರೆ ಅಲ್ಲಿದ್ದ ಮೂವತ್ತೆಂಟೂ ಚೀಲ ರಕ್ತ ಎಸೆಯಬೇಕು.

ಜೊತೆಗೆ ಕೆಲಸ ಮಾಡುವ ನಿಕಿತಾಳನ್ನು ಕರೆದುಕೊಂಡು ಓಡಿದ. ಅವಳು ಲ್ಯಾಪ್‌ಟಾಪಿನಲ್ಲಿ ಕೋಡ್ ತೆರೆದಳು. ಪ್ರತಿ ಸಾಲು ಬರೆದಾಗಲೂ ಸರಿಯಾಗಿ ಬರೆಯಿತೇ ಎಂಬ ಪರೀಕ್ಷೆ ಇತ್ತು. ಆದರೆ ಬರೆದದ್ದೆಲ್ಲ ಮೆಮೊರಿಯಲ್ಲೇ ಕೂತಿದ್ದು, ದಿನದ ಕೊನೆಗೆ ಎಫ್‌ಕ್ಲೋಸ್ ಎಂದು ಫೈಲು ಮುಚ್ಚುವಾಗ ಡಿಸ್ಕಿಗೆ ಇಳಿಯಬೇಕಿತ್ತು. ಡಿಸ್ಕಿನಲ್ಲಿ ಜಾಗವೇ ಇರಲಿಲ್ಲ. ಎಫ್‌ಕ್ಲೋಸ್ ಪಾಪ, ‘ಆಗಲಿಲ್ಲ’ ಎಂದು ಉತ್ತರ ಕೊಟ್ಟಿತ್ತು. ಅದನ್ನು ನೋಡುವ ಒಂದು ಸಾಲು ಈ ಮಹಾಶಯ ಬರೆದಿರಲಿಲ್ಲ. ಪರದೆಯ ಮೇಲೆ ‘ಉಳಿಸಲಾಗಿದೆ’ ಎಂದು ಹಸಿರು ಅಕ್ಷರ ಬೇರೆ!

“ಸರ್, ಫ್ರಿಜ್ ಠೀಕ್ ಹೀ ಹೋಗಾ, ಸರಿಯಾಗೇ ಇದ್ದಿರುತ್ತೆ,” ಎಂದಳು ನಿಕಿತಾ ಮೆಲ್ಲಗೆ. “ಫೈಲಿನಲ್ಲಿ ಎಲ್ಲಾ ಕಡೆ ಸೇಫಾಗಿ ನಾಲ್ಕು ಡಿಗ್ರಿ ಅಂತ ತುಂಬಿಸಿಬಿಡೋಣ. ಕಿಸ್ಕೋ ಪತಾ ಚಲೇಗಾ? ಯಾರಿಗೆ ಗೊತ್ತಾಗುತ್ತೆ?”

ಸುಳ್ಳೇಕೆ, ಅವನ ಮನಸ್ಸು ಒಂದು ಗಳಿಗೆ ಅತ್ತ ವಾಲಿತು. ಕೆಲಸ ಹೋದರೆ ಗತಿಯೇನು ಎಂಬ ದಿಗಿಲು ಬೇರೆ.

“ಬೇಡ ಮಾರಾಯ್ತಿ. ಹಾಳಾದ ರಕ್ತ ಯಾರ ಮೈಗೆ ಹೋಗ್ತದೆ, ಸ್ವಲ್ಪ ಯೋಚನೆ ಮಾಡು.”

ಎದ್ದು ಹೋಗಿ ಅಲ್ಲಿನ ಡಾಕ್ಟರ್ ಸೋನಾಲಿಗೆ ನಡೆದದ್ದನ್ನೆಲ್ಲ ಹೇಳಿದ. ಆಕೆ ಬೈಯಲಿಲ್ಲ. ‘ಬಳಸಬಾರದು’ ಎಂಬ ಕೆಂಪು ಚೀಟಿಗಳ ಕಟ್ಟು ತೆಗೆದು ಒಂದೊಂದೇ ಚೀಲಕ್ಕೆ ಅಂಟಿಸತೊಡಗಿದರು. ಮೂವತ್ತೆಂಟೂ ಮುಗಿಯುವವರೆಗೆ ಅವನು ಅಲ್ಲೇ ನಿಂತಿದ್ದ.

‘ನೀನು ಹೊರಡು’ ಎಂದು ನಿಕಿತಾಳಿಗೆ ಹೇಳುತ್ತ ಹೊರಗೆ ಬಂದರೆ ಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಮರಗಮ್ಮ ಅಂತೆ, ಕಳಂಬೋಲಿಯವಳು. ಅವನ ಬಾಯಲ್ಲಿ ಕನ್ನಡ ಕೇಳಿ ಅವಳಿಗೆ ಜೀವ ಬಂದಂತಾಯಿತು.

“ನಾಳಿ ನನ್ನ ಮಗಳ ಆಪರೇಶನ್ ಐತ್ರೀ ಸಾಹೇಬ್ರ. ರಕ್ತ ಯಾವಾಗ ಕೊಡ್ತಾರ್ರೀ?”

“ಇಲ್ಲಿ ಇಲ್ಲಮ್ಮ. ಒಂದು ಚೀಲವೂ ಇಲ್ಲ,” ಎಂದ. ಏಕೆ ಇಲ್ಲವೆಂದು ಮಾತ್ರ ಹೇಳದೆ ಗೋಡೆಗೆ ಒರಗಿದ.

ಮರಗಮ್ಮ ಅವನ ಬೆವೆತ ಮುಖವನ್ನೇ ನೋಡಿದಳು. ಪಕ್ಕಕ್ಕೆ ಸರಿದು ಜಾಗ ಕೊಟ್ಟು ತನ್ನ ನೀರಿನ ಬಾಟಲಿ ಚಾಚಿದಳು.

“ಕುಂದರ್ರೀ. ನಿಮ್ಮವರಿಗೂ ರಕ್ತ ಸಿಗಲಿಲ್ಲೇನ್ರೀ, ಪಾಪ?”